ಥಂಡಿಯೊಳಗ ಹಿತ್ತಲ ಕೋಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿ ಪಟಾಕಿ ಸದ್ದು ಅಡಗಿ, ಹೊಲದಲ್ಲಿ ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೆ ಬರುವ ಹೊತ್ತಿಗೆ ಕೋಳಿ ಸಾಕಿದವರ ಫೋನುಗಳು ಶುರುವಾಗುತ್ತವೆ. ನಾನು ಪಶುವೈದ್ಯನಲ್ಲ. ಜಮಖಂಡಿ ತಾಲೂಕಿನ ಕಬ್ಬಿನ ಊರೊಂದರಲ್ಲಿ ಹಿತ್ತಲಲ್ಲಿ ಹದಿನೈದು-ಇಪ್ಪತ್ತು ಕೋಳಿ ಸಾಕಿಕೊಂಡು ಬಂದವನು, ಅಷ್ಟೇ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

ನಮ್ಮ ಕಡೆ ಥಂಡಿಗೆ ಕೋಳಿ ಸಾಯ್ತಾವೇನ್ರಿ?

ಮೈತುಂಬ ಪುಕ್ಕವಿರುವ, ಆರೋಗ್ಯವಾಗಿರುವ ದೊಡ್ಡ ಕೋಳಿ ನಮ್ಮ ಥಂಡಿಗೆ ಸಾಯುವುದಿಲ್ಲ. ವಿಜಯಪುರ, ಬಾಗಲಕೋಟೆ ಕಡೆ ಡಿಸೆಂಬರ್-ಜನವರಿಯಲ್ಲಿ ಬೆಳಗಿನ ಜಾವ 10 ಡಿಗ್ರಿ ಆಸುಪಾಸಿಗೆ, ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತದೆ. ಕೋಳಿಯ ಮೈಶಾಖ 41 ಡಿಗ್ರಿಯ ಮೇಲೆಯೇ ಇರುತ್ತದೆ. ನಮಗೆ ಜ್ವರ ಅನ್ನಿಸುವ ಕಾವು ಅದಕ್ಕೆ ದಿನನಿತ್ಯದ್ದು. ಮೇಲೆ ಪುಕ್ಕದ ಕಂಬಳಿ ಬೇರೆ.

ಥಂಡಿ ರಾತ್ರಿಯ ಮರುದಿನ ಕೋಳಿ ಸತ್ತು ಬಿದ್ದಿದ್ದರೆ ಎಲ್ಲರೂ ಥಂಡಿಯ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಅದು ಮೊದಲೇ ರೋಗದಿಂದ ಸೊರಗಿತ್ತೋ, ಮೈ ತೊಯ್ದಿತ್ತೋ, ರಾತ್ರಿಯಿಡೀ ಗಾಳಿಗೆ ಎದುರಾಗಿ ಕೂತಿತ್ತೋ ನೋಡಿ. ಕೋಳಿಯನ್ನು ಕೆಡಿಸುವುದು ಬೀಸುವ ಗಾಳಿ, ತೇವ, ಮತ್ತು ನಾವೇ ಮುಚ್ಚಿ ಕೂಡಿಹಾಕಿದ ಕೆಟ್ಟ ಗಾಳಿ. ಇವು ಮೂರೂ ಇಲ್ಲದಿದ್ದರೆ ಬರೀ ಥಂಡಿ ಏನೂ ಮಾಡದು. ಮರಿಗಳ ಮಾತು ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಹಂಗಾದ್ರ ಪುಕ್ಕ ಉಬ್ಬಿಸ್ಕೊಂಡು ಮುದುಡಿ ಕುಂಡ್ರತಾವಲ್ಲ, ಅದು ಥಂಡಿ ಅಲ್ಲೇನು?

ರಾತ್ರಿ ಹಾಗೆ ಕೂತರೆ ಹೆದರಬೇಡಿ. ಪುಕ್ಕದ ನಡುವೆ ಗಾಳಿ ಹಿಡಿದಿಟ್ಟು ಮೈ ಬೆಚ್ಚಗಿಟ್ಟುಕೊಳ್ಳುವ ಉಪಾಯ ಅದು. ಒಂದು ಕಾಲು ಹೊಟ್ಟೆಯ ಪುಕ್ಕದೊಳಗೆ ಎಳೆದುಕೊಳ್ಳುತ್ತವೆ, ತಲೆ ರೆಕ್ಕೆ ಸಂದಿಗೆ ತುರುಕುತ್ತವೆ. ಆದರೆ ಹೊತ್ತು ಏರಿ ಹನ್ನೊಂದು ಗಂಟೆಯಾದರೂ ಬಿಸಿಲಲ್ಲೇ ನಿಂತು ಪುಕ್ಕ ಉಬ್ಬಿಸಿ, ಕಣ್ಣು ಮುಚ್ಚಿ ತೂಕಡಿಸುವ ಕೋಳಿಗೆ ಜಡ್ಡು ಬಂದಿದೆ. ಅದನ್ನು ಅವತ್ತೇ ಬೇರೆ ಮಾಡಿ.

ಗೂಡನ್ನ ನಾಕೂ ಕಡೆ ತಾಡಪತ್ರಿ ಕಟ್ಟಿ ಗಾಳಿ ಹೋಗದಂಗ ಮುಚ್ಚೀವಿ. ಆದ್ರೂ ಕೋಳಿ ಸೀನತಾವ. ಯಾಕ?

"ಆದ್ರೂ" ಅಲ್ಲ, "ಅದಕ್ಕs" ಅನ್ನಬೇಕು.

ಮೊದಲ ವರ್ಷ ನಾನೂ ಇದನ್ನೇ ಮಾಡಿದ್ದೆ. ಒಂದು ಸಂದಿ ಬಿಡದಂತೆ ಮುಚ್ಚಿ, ಕೆಳಗೆ ಇಟ್ಟಂಗಿ ಹೇರಿ, ನನ್ನ ಕೈಕೆಲಸಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣಿಗೆ ಉಳ್ಳಾಗಡ್ಡಿ ಹೆಚ್ಚಿದಂತೆ ಉರಿ. ತಗಡಿನ ಒಳಮೈಯಿಂದ ಟಪ್ ಟಪ್ ನೀರು. ಹೊರಗೆ ಒಂದು ಹನಿ ಮಳೆಯಿಲ್ಲ, ಒಳಗೆ ಕೋಳಿ ಬೆನ್ನೆಲ್ಲ ಒದ್ದೆ. ವಾರದೊಳಗೆ ಅರ್ಧಕ್ಕರ್ಧ ಕೋಳಿಗೆ ಮೂಗು ಸೋರಿ, ರಾತ್ರಿಯೆಲ್ಲ ಗೊರ ಗೊರ.

ಆಗಿದ್ದಿಷ್ಟು. ಕೋಳಿ ಉಸಿರಿನಲ್ಲಿ ನೀರಿನ ಹಬೆ ಇರುತ್ತದೆ, ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರೇ. ಆ ಹಬೆಗೆ ಹೊರದಾರಿ ಇಲ್ಲದಿದ್ದರೆ ತಣ್ಣನೆಯ ತಗಡಿಗೆ ತಾಗಿ ನೀರಾಗಿ ಮತ್ತೆ ಕೋಳಿಯ ಮೇಲೆಯೇ ಬೀಳುತ್ತದೆ. ಹಿಕ್ಕೆ ತೇವದಲ್ಲಿ ಕೊಳೆತು ಅಮೋನಿಯಾ ಏಳುತ್ತದೆ. ಮೂಗು-ಗಂಟಲಿನ ಒಳಪೊರೆಯನ್ನು ಅದು ಸುಟ್ಟು ಹಾಕುತ್ತದೆ. ಆಮೇಲೆ ಯಾವ ರೋಗಾಣು ಬಂದರೂ ಒಳಗೆ ಹೋಗಲು ದಾರಿ ಸಲೀಸು.

ಹಾಗಾಗಿ ಈಗ ಮಾಡುವುದು ಹೀಗೆ. ಥಂಡಿ ಕಾಲದಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದ, ಈಶಾನ್ಯದಿಂದ ಬರುತ್ತದೆ. ಮೂಡಣ, ಬಡಗಣ ಎರಡು ಮಗ್ಗಲನ್ನು ಕೆಳಗಿನಿಂದ, ಕೋಲಿನ ಮೇಲೆ ಕೂತ ಕೋಳಿಯ ತಲೆ ದಾಟಿ ಒಂದು ಮೊಳ ಮೇಲಿನವರೆಗೆ, ಗೋಣಿತಟ್ಟು ಅಥವಾ ತಾಡಪತ್ರಿಯಿಂದ ಮುಚ್ಚಿ. ಛತ್ತಿನ ಕೆಳಗೆ ಗೇಣಗಲ ಸಂದಿ ಸುತ್ತಲೂ ತೆರೆದೇ ಇರಲಿ. ಅಲ್ಲಿಗೆ ಜಾಳಿಗೆ ಬಡಿದರೆ ಬೆಕ್ಕು ನುಗ್ಗುವುದಿಲ್ಲ. ಪಡುವಣ, ತೆಂಕಣ ಮಗ್ಗಲು ಹೇಗಿತ್ತೋ ಹಾಗೇ ಇರಲಿ.

ಸರಿಯಾಯಿತೋ ಇಲ್ಲವೋ ನೋಡಲು ಒಂದು ಊದಿನಕಡ್ಡಿ ಸಾಕು. ರಾತ್ರಿ ಕೋಳಿ ಕೂರುವ ಎತ್ತರದಲ್ಲಿ ಹಿಡಿಯಿರಿ. ಹೊಗೆ ನೆಟ್ಟಗೆ ಮೇಲೇರಿ, ಛತ್ತಿನ ಹತ್ತಿರ ಹೋಗಿ ಹೊರಗೆ ಸರಿದರೆ ಗೂಡು ಸರಿಯಿದೆ. ಕೆಳಗೇ ಅಡ್ಡಡ್ಡ ಹಾರಿದರೆ ಗಾಳಿ ಹೊಡೆಯುತ್ತಿದೆ. ಮೇಲೆ ಹೋಗಿ ಅಲ್ಲೇ ಸುತ್ತಿದರೆ ಸಂದಿ ಸಾಲದು. ಕಡ್ಡಿಯನ್ನು ಅಲ್ಲೇ ಸಿಕ್ಕಿಸಿ ಬರಬೇಡಿ ಮತ್ತೆ, ಕೆಳಗೆ ಹೊಟ್ಟಿದೆ!

ತಗಡಿನ ಶೆಡ್ ಐತ್ರಿ. ಬ್ಯಾರೆ ಮಾಡ್ಸಾಕ ರೊಕ್ಕಿಲ್ಲ.

ಬೇರೆ ಬೇಕಿಲ್ಲ. ತಗಡಿನ ಮೇಲೆ ಕಬ್ಬಿನ ರವದಿಯನ್ನೋ ಜೋಳದ ಕಣಿಕೆಯನ್ನೋ ಒಂದು ಗೇಣು ದಪ್ಪ ಹರವಿ, ಹಗ್ಗ ಎಳೆದು ಕಲ್ಲು ಕಟ್ಟಿ. ರಾತ್ರಿ ತಗಡು ಅಷ್ಟು ತಣ್ಣಗಾಗುವುದಿಲ್ಲ, ಹನಿಯೂ ಕಟ್ಟುವುದಿಲ್ಲ. ಅದೇ ಹೊದಿಕೆ ಬೇಸಿಗೆಯಲ್ಲಿ ನೆರಳಾಗುತ್ತದೆ.

ನೆಲಕ್ಕ ಪರಸಿ ಐತಿ. ಏನ್ ಹಾಸಬೇಕು?

ಬಾದಾಮಿ, ಇಳಕಲ್ ಕಡೆ ಕಲ್ಲಿನ ಮನೆಗಳಲ್ಲಿ ಇದು ಎಲ್ಲರ ಪ್ರಶ್ನೆ. ಕಲ್ಲಿನ ಗೋಡೆ ಒಳ್ಳೆಯದು, ಹಗಲಿನ ಬಿಸಿಲನ್ನು ರಾತ್ರಿಗೂ ಸ್ವಲ್ಪ ಉಳಿಸಿಕೊಳ್ಳುತ್ತದೆ. ಪರಸಿ ಮಾತ್ರ ಮಂಜುಗಡ್ಡೆ. ಅದರ ಮೇಲೆ ಮೂರು-ನಾಲ್ಕು ಇಂಚು ಹೊಟ್ಟು ಬೇಕೇ ಬೇಕು. ಭತ್ತದ ಹೊಟ್ಟು ಸಿಕ್ಕರೆ ಚಲೋ. ಸಿಗದಿದ್ದರೆ ಸಾಮಿಲ್ಲಿನ ಕಟ್ಟಿಗೆ ಹೊಟ್ಟು, ಒಣಗಿದ ಶೇಂಗಾ ಸಿಪ್ಪೆ, ಸಣ್ಣಗೆ ಕತ್ತರಿಸಿದ ರವದಿ ಯಾವುದಾದರೂ ಆಗುತ್ತದೆ. ಶೇಂಗಾ ಸಿಪ್ಪೆಯಲ್ಲಿ ಬೂಷ್ಟು ಇದ್ದರೆ ತರಬೇಡಿ. ರವದಿ ಉದ್ದುದ್ದ ಹಾಕಿದರೆ ಕೆಳಗೆ ಹಿಕ್ಕೆ ಗಟ್ಟಿ ಹೆಪ್ಪುಗಟ್ಟುತ್ತದೆ, ಕೆದರಲು ಬರುವುದಿಲ್ಲ.

ವಾರಕ್ಕೊಮ್ಮೆ ಸಲಿಕೆಯಿಂದ ಮೇಲೆ-ಕೆಳಗೆ ಮಾಡಿ. ಮುಷ್ಟಿಯಲ್ಲಿ ಹಿಡಿದು ಹಿಚುಕಿದಾಗ ಉಂಡೆಯಾಗಿ ನಿಂತರೆ ತೇವ ಜಾಸ್ತಿಯಾಗಿದೆ. ಒಣ ಹೊಟ್ಟು ಸೇರಿಸಿ, ಸ್ವಲ್ಪ ಅರಳಿದ ಸುಣ್ಣದ ಪುಡಿ ಬೆರೆಸಿ. ಕೈ ಬಿಚ್ಚಿದ ಕೂಡಲೇ ಉದುರಿದರೆ ಮುಟ್ಟಲು ಹೋಗಬೇಡಿ. ಹಾಗೆ ಒಣಗಿ ಮಾಗುವ ಹಾಸು ತಾನೇ ಅಷ್ಟು ಕಾವು ಕೊಡುತ್ತದೆ. ಯುಗಾದಿ ಹೊತ್ತಿಗೆ ತೆಗೆದು ತಿಪ್ಪೆಗೆ ಹಾಕಿದರೆ ಅದಕ್ಕಿಂತ ಒಳ್ಳೆ ಗೊಬ್ಬರ ಇಲ್ಲ.

ಕೋಳಿಗಳು ನೆಲಕ್ಕಿಂತ ಎತ್ತರದ ಕೋಲಿನ ಮೇಲೆ ಕೂತರೆ ಇನ್ನೂ ಚಲೋ. ಬಿದಿರುಗಳಕ್ಕಿಂತ ಚಪ್ಪಟೆ ಪಟ್ಟಿ ವಾಸಿ, ಬೆರಳುಗಳು ಹೊಟ್ಟೆಯ ಪುಕ್ಕದೊಳಗೆ ಮುಚ್ಚಿಕೊಳ್ಳುತ್ತವೆ. ಒಂದಕ್ಕೆ ಒಂದು ಗೇಣು ಜಾಗ.

ಬಲ್ಬ್ ಹಚ್ಚಬೇಕೇನ್ರಿ?

ದೊಡ್ಡ ಕೋಳಿಗೆ ಕಾವಿಗಾಗಿ ಬೇಡ. ಬಲ್ಬಿನ ಕೆಳಗೆ ಮಲಗಿ ರೂಢಿಯಾದ ಕೋಳಿ, ಕರೆಂಟು ಹೋದ ರಾತ್ರಿ ನಿಜಕ್ಕೂ ಕಷ್ಟಪಡುತ್ತದೆ. ನಮ್ಮಲ್ಲಿ ಕರೆಂಟು ಹೋಗದ ರಾತ್ರಿ ಯಾವುದು? ಒಣಹೊಟ್ಟಿನ ಮೇಲೆ ಬಿಸಿ ಬಲ್ಬು ಬಿದ್ದರೆ ಗೂಡೇ ಹೊತ್ತಿಕೊಳ್ಳುತ್ತದೆ.

ಹ್ಯಾಟಿ ಇಲ್ಲದ ಮರಿ ತಂದೀವಿ. ಒಂದೊಂದs ಸಾಯಾಕತ್ತಾವ.

ಥಂಡಿ ನಿಜವಾಗಿ ಕೊಲ್ಲುವುದು ಇವನ್ನೇ. ಹೆಬ್ಬಾಳದ ಗಿರಿರಾಜ, ಸ್ವರ್ಣಧಾರಾ, ಹೈದರಾಬಾದಿನ ವನರಾಜ ಮುಂತಾದ ತಳಿಯ ಮರಿಗಳು ಮಷಿನ್ನಿನಲ್ಲಿ ಒಡೆದು ಬಂದಿರುತ್ತವೆ, ತಾಯಿಯ ರೆಕ್ಕೆ ಗೊತ್ತಿರುವುದಿಲ್ಲ. ಮೈಮೇಲೆ ಬರೀ ತುಪ್ಪಟ. ತಮ್ಮ ಮೈಶಾಖ ಕಾಯ್ದುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ.

ಮೊದಲ ವಾರ ಮರಿಯ ಬೆನ್ನಿನ ಎತ್ತರದಲ್ಲಿ 35 ಡಿಗ್ರಿ ಕಾವು ಇರಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಬನ್ನಿ. ಬೇಸಿಗೆಯಲ್ಲಿ ಮೂರು ವಾರಕ್ಕೆ ಬಲ್ಬು ಬಿಡಿಸಬಹುದು, ಜನವರಿಯಲ್ಲಿ ರಾತ್ರಿ ಹೊತ್ತು ಐದಾರು ವಾರ ಬೇಕಾಗುತ್ತದೆ. ಲೆಕ್ಕ ಮರಿಗೆ 2 ವ್ಯಾಟ್, ಅಂದರೆ ಐವತ್ತು ಮರಿಗೆ 100 ವ್ಯಾಟಿನ ಹಳೇ ತಂತಿ ಬಲ್ಬು. ಹಳೇ ಬಲ್ಬು ಅಂತ ಒತ್ತಿ ಹೇಳಲು ಕಾರಣವಿದೆ. ಎಲ್‌ಇಡಿ ಬಲ್ಬು ತಂದು ಹಾಕಿ "ಬೆಳಕು ಝಗಝಗ ಐತಿ, ಮರಿ ಯಾಕ ಸತ್ತವು" ಎಂದು ಕೇಳಿದವರು ಒಬ್ಬಿಬ್ಬರಲ್ಲ. ಎಲ್‌ಇಡಿ ಬೆಳಕು ಕೊಡುತ್ತದೆ, ಮರಿಗೆ ಬೇಕಾದ ಕಾವು ಕೊಡುವುದಿಲ್ಲ.

ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಏರಿ ಚೀರುತ್ತಿದ್ದರೆ ಥಂಡಿಯಾಗಿದೆ. ದೂರ ಓಡಿ ಬಾಯಿ ತೆರೆದು ಏದುತ್ತಿದ್ದರೆ ಸೆಕೆಯಾಗಿದೆ, ಬಲ್ಬು ಮೇಲೆತ್ತಿ. ಎಲ್ಲವೂ ಒಂದೇ ಮೂಲೆಗೆ ಸರಿದಿದ್ದರೆ ಎದುರು ಮಗ್ಗಲಿನಿಂದ ಗಾಳಿ ನುಗ್ಗುತ್ತಿದೆ. ಎಲ್ಲ ಕಡೆ ಚೆಲ್ಲಾಡಿ ಮಲಗಿದ್ದರೆ ನೀವೂ ಹೋಗಿ ಮಲಗಿ. ಸುತ್ತ ಮೊಳದೆತ್ತರ ರಟ್ಟಿನ ಗುಂಡು ಕಟ್ಟೆ ನಿಲ್ಲಿಸಿ. ಚೌಕವಾದರೆ ಮೂಲೆಗೆ ನುಗ್ಗಿ ಒಂದರಡಿ ಒಂದು ಸಿಕ್ಕು ಉಸಿರುಗಟ್ಟುತ್ತವೆ. ಬೆಳಿಗ್ಗೆ ನಾಲ್ಕೈದು ಮರಿ ಚಪ್ಪಟೆಯಾಗಿ ಸಿಗುವುದು ಇದಕ್ಕೇ.

ಕರೆಂಟು ಹೋದರೆ ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ, ಹಳೇ ಸೀರೆ ತುಂಡಿನಲ್ಲಿ ಸುತ್ತಿ ನಡುವೆ ಇಡಿ. ಎರಡು-ಮೂರು ತಾಸಿಗೊಮ್ಮೆ ಬದಲಿಸಬೇಕು, ನಿದ್ದೆ ಹೋಗುತ್ತದೆ. ಇದ್ದಲಿ ಶೇಗಡಿಯನ್ನು ಮಾತ್ರ ಮುಚ್ಚಿದ ಕೋಣೆಯಲ್ಲಿ ಇಡಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮರಿಗಳ ಜೊತೆ ಅದೇ ಕೋಣೆಯಲ್ಲಿ ಮಲಗಿದ ಮನುಷ್ಯನನ್ನೂ ಅದು ಬಿಡುವುದಿಲ್ಲ.

ಜವಾರಿ ಹ್ಯಾಟಿ ಕಾವಿಗೆ ಕುಂತೈತಿ. ಎಷ್ಟು ತತ್ತಿ ಇಡೂದು?

ಬೇಸಿಗೆಯಲ್ಲಿ ಹದಿನೈದು ಇಡುವ ಕಡೆ ಈಗ ಹತ್ತೇ ಇಡಿ. ಹೊಟ್ಟೆಯಡಿ ಪೂರ್ತಿ ಮುಚ್ಚದ ಅಂಚಿನ ತತ್ತಿ ರಾತ್ರಿ ತಣ್ಣಗಾಗುತ್ತದೆ. ಮರುದಿನ ಅದು ನಡುವಿಗೆ ಬಂದು ಬೇರೆಯದು ಅಂಚಿಗೆ ಹೋಗುತ್ತದೆ, ಹೀಗೆ ಎಲ್ಲವೂ ಅಷ್ಟಷ್ಟು ಕೆಡುತ್ತವೆ. ಬುಟ್ಟಿಯಲ್ಲಿ ಬೂದಿ ಬೆರೆಸಿದ ಮಣ್ಣು, ಮೇಲೆ ಮೆತ್ತನೆ ಹುಲ್ಲು ಹಾಕಿ ಮನೆಯ ಒಳಮೂಲೆಯಲ್ಲಿಡಿ. ಇಪ್ಪತ್ತೊಂದು ದಿನಕ್ಕೆ ಮರಿ ಒಡೆಯುವುದು ಯಾವ ದಿನಕ್ಕೆ ಬರುತ್ತದೆ ಎಂದು ಎಣಿಸಿ. ಎಳ್ಳ ಅಮಾವಾಸ್ಯೆಯ ಥಂಡಿಗೆ ಬೀಳುವಂತಿದ್ದರೆ, ಈಗ ಬೇಡ ಎನ್ನುವುದು ನನ್ನ ಅಭಿಪ್ರಾಯ. ನಮ್ಮ ಅವ್ವ ಒಪ್ಪುವುದಿಲ್ಲ, "ಕುಂತ ಹ್ಯಾಟಿ ಎಬ್ಬಸಬಾರದು" ಅನ್ನುತ್ತಾಳೆ. ಗೆಲ್ಲುವುದು ಅವ್ವನೇ.

ತತ್ತಿ ಇಡೂದು ಬಿಟ್ಟಾವ. ಯಾರದೋ ಕಣ್ಣು ಬಿದ್ದೈತೇನು?

ಕಣ್ಣು ಯಾರದ್ದೂ ಅಲ್ಲ, ಹೊತ್ತು ಗಿಡ್ಡದಾಗಿದೆ. ಕೋಳಿ ತತ್ತಿ ಕಟ್ಟಲು ಬೆಳಕೇ ಅಪ್ಪಣೆ. ದಿನಕ್ಕೆ 14ರಿಂದ 16 ತಾಸು ಬೆಳಕಿದ್ದರೆ ಚೆನ್ನಾಗಿ ಇಡುತ್ತದೆ. ಡಿಸೆಂಬರ್ 21ರ ಆಸುಪಾಸು ನಮ್ಮ ಹಗಲು 11 ತಾಸಿಗಿಂತ ಚೂರು ಮೇಲಷ್ಟೆ. ಅದರ ಮೇಲೆ ವರ್ಷ ದಾಟಿದ ಕೋಳಿಗಳು ಇದೇ ಹೊತ್ತಿನಲ್ಲಿ ಹಳೇ ಪುಕ್ಕ ಉದುರಿಸಿ ಹೊಸದು ಹಾಕುತ್ತವೆ. ಪುಕ್ಕವೆಂದರೆ ಹೆಚ್ಚೂಕಡಿಮೆ ಪ್ರೋಟೀನೇ. ತಿಂದದ್ದೆಲ್ಲ ಅಲ್ಲಿಗೆ ಹೋದರೆ ತತ್ತಿಗೆ ಉಳಿಯುವುದೇನು?

ಮನೆಗಷ್ಟೇ ಸಾಕಿದ್ದರೆ ಎರಡು ತಿಂಗಳು ಬಿಟ್ಟುಬಿಡಿ. ಜವಾರಿ ಕೋಳಿ ವರ್ಷಕ್ಕೆ ಇಡುವುದೇ ಐವತ್ತು-ಎಂಬತ್ತು, ಅದನ್ನು ಅವಸರ ಮಾಡಿ ಗಳಿಸುವುದೇನಿಲ್ಲ. ಮಾರಲು ಗಿರಿರಾಜ, ಸ್ವರ್ಣಧಾರಾ ಸಾಕಿದ್ದರೆ ಒಂದು ಸಣ್ಣ ಎಲ್‌ಇಡಿ ಹಾಕಿ. ಇಲ್ಲಿ ಬೇಕಾದ್ದು ಬೆಳಕು, ಕಾವಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಹತ್ತಿ, ಹೊತ್ತು ಮೂಡಿದ ಮೇಲೆ ಆರುವಂತಿರಲಿ. ಸಂಜೆ ಹಾಕಿ ಫಕ್ಕನೆ ಆರಿಸಿದರೆ ಕೋಲು ಏರದ ಕೋಳಿಗಳು ಕತ್ತಲಲ್ಲಿ ನೆಲದ ಮೇಲೇ ಉಳಿಯುತ್ತವೆ. ವಾರಕ್ಕೆ ಅರ್ಧ ತಾಸಿನಂತೆ ಹೆಚ್ಚಿಸಿ.

ಮೇವು ಬದಲಿ ಮಾಡಬೇಕೇನು?

ನಾವು ಥಂಡಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡಿಕೊಂಡ ಹಾಗೆಯೇ. ಕಾವು ಹುಟ್ಟಿಸಲು ಹೆಚ್ಚು ಕಾಳು ಬೇಕು. ದಿನಕ್ಕೆ 100-120 ಗ್ರಾಂ ತಿನ್ನುವ ಕೋಳಿ ಈಗ ಒಂದು ಹಿಡಿ ಜಾಸ್ತಿ ಕೇಳುತ್ತದೆ. ಹೊತ್ತು ಮುಳುಗುವ ಅರ್ಧ ತಾಸು ಮುಂಚೆ ಗೋವಿನಜೋಳದ ನುಚ್ಚು, ಜೋಳ, ಸಜ್ಜೆ ಕಾಳು ಹಾಕಿ. ಎದೆಯ ಮೇಲಿನ ಚೀಲ ತುಂಬಿಕೊಂಡು ಮಲಗಿದರೆ ರಾತ್ರಿಯಿಡೀ ನಿಧಾನಕ್ಕೆ ಅರಗುತ್ತ ಮೈಗೆ ಕಾವು ಕೊಡುತ್ತದೆ. ರಾತ್ರಿ ಮುಟ್ಟಿ ನೋಡಿ, ಚೀಲ ಲಿಂಬೆಹಣ್ಣಿನಷ್ಟಾದರೂ ಇರಬೇಕು.

ಬರೀ ಗೋವಿನಜೋಳ ಹಾಕಿದರೆ ಕೊಬ್ಬು ಬೆಳೆಯುತ್ತದೆ, ಪುಕ್ಕ ಬೆಳೆಯುವುದಿಲ್ಲ. ಅದರಲ್ಲಿ ಪ್ರೋಟೀನು 8-9 ಪ್ರತಿಶತ ಅಷ್ಟೆ. ಬೆಳಿಗ್ಗೆ ಶೇಂಗಾ ಹಿಂಡಿ ಅಥವಾ ಸೋಯಾ ಹಿಂಡಿ ಬೆರೆಸಿ. ಬೂಷ್ಟು ಹಿಡಿದ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆ, ಕೋಳಿಯ ಪಿತ್ತಜನಕಾಂಗ ತಿಂದುಹಾಕುತ್ತದೆ. ಎಮ್ಮೆಗೆ ಬೇಡವಾದ ಹಿಂಡಿ ಕೋಳಿಗೆ ಅನ್ನುವ ರೂಢಿ ಬಿಡಿ. ಸೀತನಿ ಕಾಲ ಬಂದರೆ ಹೊಲದಿಂದ ಎರಡು ಹಸಿ ತೆನೆ ಗೂಡಿಗೆ ಕಟ್ಟಿ, ಅವುಗಳಿಗೂ ಹಬ್ಬ ಆಗಲಿ.

ನೀರು?

ಬೆಳಗಿನ ಕೊರೆವ ನೀರನ್ನು ಕೋಳಿ ಕಡಿಮೆ ಕುಡಿಯುತ್ತದೆ. ನೀರು ಕಡಿಮೆಯಾದರೆ ಮೇವೂ ಕಡಿಮೆ, ತತ್ತಿಯೂ ಕಡಿಮೆ. ಹಂಡೆಯಿಂದ ಒಂದು ತಂಬಿಗೆ ಬಿಸಿನೀರು ತೆಗೆದು ಉಗುರುಬೆಚ್ಚಗೆ ಮಾಡಿ ಇಡಿ. ರಾತ್ರಿ ನೀರಿನ ಪಾತ್ರೆ ಹೊರಗಿರಲಿ, ಒಳಗಿದ್ದರೆ ಚೆಲ್ಲಿ ಹಾಸು ತೊಯ್ಯುತ್ತದೆ.

ಬ್ರಾಂಡಿ ಎರಡು ಹನಿ ಕುಡಿಸಿದ್ರ ಬೆಚ್ಚಗಿರತಾವಂತಲ್ಲ?

ಇಲ್ಲ. ಮದ್ಯ ಒಳಗಿನ ಕಾವನ್ನು ಚರ್ಮದ ಕಡೆಗೆ ತಂದು ಬೇಗ ಹೊರಗೆ ಕಳೆಯುತ್ತದೆ. ಅರಿಷಿಣ, ಬಳ್ಳೊಳ್ಳಿ, ತುಳಸಿ ಸ್ವಲ್ಪ ಹಾಕಿದರೆ ಅಡ್ಡಿಯಿಲ್ಲ, ಅವು ಲಸಿಕೆಯ ಜಾಗ ತುಂಬುವುದಿಲ್ಲ ಅನ್ನುವುದು ನೆನಪಿರಲಿ.

ಜುಟ್ಟಿಗೆ ವ್ಯಾಸಲೀನ್ ಹಚ್ಚೂದು, ಸ್ವೆಟರ್ ಹಾಕೂದು ವಿಡಿಯೋದಾಗ ನೋಡೀನಿ.

ಅದು ಹಿಮ ಬೀಳುವ ದೇಶದವರ ತಾಪತ್ರಯ. ಅಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗಿ ಜುಟ್ಟು ಹೆಪ್ಪುಗಟ್ಟುತ್ತದೆ. ನಮಗೆ ಎರಡೂ ಬೇಡ. ನಮ್ಮಲ್ಲಿ ಜುಟ್ಟು, ಮುಖದ ಮೇಲೆ ಹಕ್ಕಳೆ ಕಂಡರೆ ಅದು ಥಂಡಿಗೆ ಒಡೆದದ್ದಲ್ಲ, ಸೊಳ್ಳೆಯಿಂದ ಹರಡುವ ಕೋಳಿ ಸಿಡುಬು. ಬೇರೆ ಇಡಿ, ಉಳಿದವಕ್ಕೆ ಲಸಿಕೆ ಕೇಳಿ.

ಥಂಡ್ಯಾಗ ಲಸಿಕಿ ಹಾಕಸಬಹುದೇನು?

ಥಂಡಿ ಹೆಚ್ಚುವ ಮುಂಚೆಯೇ ಹಾಕಿಸಬೇಕು. ಕೊಕ್ಕರೆ ರೋಗ, ಅಂದರೆ ರಾಣಿಖೇತ, ಒಂದು ಹಿತ್ತಲಿಗೆ ಹೊಕ್ಕರೆ ಓಣಿಯನ್ನೇ ಖಾಲಿ ಮಾಡುತ್ತದೆ. ಹಸಿರು ನೀರಿನಂಥ ಹಿಕ್ಕೆ, ಬಾಯಿ ತೆರೆದು ಎಳೆಯುವ ಉಸಿರು, ಕುತ್ತಿಗೆ ತಿರುಚುವುದು, ಕಾಲು-ರೆಕ್ಕೆ ಸೋಲುವುದು ಇದರ ಗುರುತು. ಬಂದ ಮೇಲೆ ಔಷಧ ಇಲ್ಲ. ಮರಿಗೆ ಐದರಿಂದ ಏಳು ದಿನದೊಳಗೆ ಎಫ್-1 ಅಥವಾ ಲಸೋಟಾ ಎಂಬ ಲಸಿಕೆ ಒಂದು ಹನಿ ಕಣ್ಣಿಗೆ, ನಾಲ್ಕು ವಾರಕ್ಕೆ ಮತ್ತೊಮ್ಮೆ ಲಸೋಟಾ, ಎಂಟು-ಹತ್ತು ವಾರಕ್ಕೆ ಆರ್2ಬಿ ಚುಚ್ಚುಮದ್ದು. ನಿಮ್ಮೂರ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಒಂದು ಬಾಟಲಿಯಲ್ಲಿ ನೂರಾರು ಕೋಳಿಗೆ ಆಗುವಷ್ಟಿರುತ್ತದೆ, ಓಣಿಯವರು ಕೂಡಿ ತಂದರೆ ಹಾಳಾಗುವುದಿಲ್ಲ. ತರುವಾಗ ಥರ್ಮಾಸಿನಲ್ಲಿ ಬರ್ಫ ಇರಲಿ. "ಹೆಂಗೂ ಥಂಡಿ ಐತೆಲ್ಲ" ಎಂದು ಅಂಗಿ ಕಿಸೆಯಲ್ಲಿಟ್ಟು ತಂದ ಲಸಿಕೆ ಮನೆ ಮುಟ್ಟುವಷ್ಟರಲ್ಲಿ ಬರೀ ನೀರು. ಅದು 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಜಡ್ಡಾದ ಕೋಳಿಗೆ ಹಾಕಬೇಡಿ.

ಹಿನ್ನೀರಿಗೆ ಹೊರಗಿನ ಹಕ್ಕಿ ಬರತಾವ. ಹಕ್ಕಿಜ್ವರದ ಭಯ ಐತೇನು?

ಆಲಮಟ್ಟಿ ಹಿನ್ನೀರಿಗೆ ಥಂಡಿಯಲ್ಲಿ ಪಟ್ಟೆತಲೆ ಹೆಬ್ಬಾತು, ರಾಜಹಂಸ ಬರುತ್ತವೆ, ನೋಡಲು ಹೋಗಿ ಬನ್ನಿ. ನಿಮ್ಮ ಕೋಳಿಯನ್ನು ಮಾತ್ರ ಆ ನೀರಿನ ದಂಡೆಗೆ ಮೇಯಲು ಬಿಡಬೇಡಿ, ಅಲ್ಲಿಂದ ಬಂದ ಚಪ್ಪಲಿಯಲ್ಲೇ ಗೂಡಿಗೆ ಹೋಗಬೇಡಿ. ಭಾರತದಲ್ಲಿ ಹಕ್ಕಿಜ್ವರ ಮೊದಲು ಕಂಡದ್ದು 2006ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ನವಾಪುರದ ಕೋಳಿ ಫಾರಂಗಳಲ್ಲಿ. ಒಂದೇ ಸಲ ಹಲವು ಕೋಳಿ ಸತ್ತರೆ ಕೊಯ್ಯಬೇಡಿ, ಹಂಚಬೇಡಿ, ಹಳ್ಳಕ್ಕೂ ಎಸೆಯಬೇಡಿ. ಪಶು ಆಸ್ಪತ್ರೆಗೆ ಹೇಳಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನು ಮಾಡಿ.

ನಾವು ಖಾನಾಪುರದವ್ರು. ನಮಗೂ ಇದs ಲೆಕ್ಕೇನು?

ಅಷ್ಟೂ ಅಲ್ಲ. ವಿಜಯಪುರದ ಎರಿ ಸೀಮೆಯಲ್ಲಿ ಥಂಡಿ ಒಣಥಂಡಿ. ಬೆಳಗಾವಿಯ ಪಡುವಣ ಸೆರಗಿನಲ್ಲಿ ಮಂಜು, ಇಬ್ಬನಿ ಜಾಸ್ತಿ. ಹುಲ್ಲು ಒಣಗುವ ತನಕ ಕೋಳಿ ಬಿಡಬೇಡಿ, ಹೊಟ್ಟೆಯಡಿಯ ಪುಕ್ಕ ತೊಯ್ದರೆ ಕಂಬಳಿ ತೊಯ್ದಂತೆ. ಹಾಸನ್ನು ನಮಗಿಂತ ಎರಡು ಪಟ್ಟು ಸಲ ನೋಡಿಕೊಳ್ಳಬೇಕು, ತೇವದ ಹಾಸಿನಲ್ಲಿ ಮರಿಗಳಿಗೆ ರಕ್ತಭೇದಿ ಬೇಗ ತಗಲುತ್ತದೆ. ನಮ್ಮ ಕೃಷ್ಣೆಯ ದಂಡೆಯ ಕಬ್ಬಿನ ಊರುಗಳೂ ಈ ಲೆಕ್ಕಕ್ಕೇ ಬರುತ್ತವೆ.

ಎಷ್ಟೊತ್ತಿಗೆ ಬಿಡೂದು, ಎಷ್ಟೊತ್ತಿಗೆ ಮುಚ್ಚೂದು?

ಬಿಸಿಲು ಅಂಗಳಕ್ಕೆ ಬಿದ್ದ ಮೇಲೆ ಬಿಡಿ. ಸಂಜೆ ಆರಕ್ಕೆ ಮುಂಚೆ ಎಣಿಸಿ ಮುಚ್ಚಿ, ಕಾಡುಬೆಕ್ಕುಗಳು ಕತ್ತಲಾಗುವುದನ್ನೇ ಕಾಯುತ್ತಿರುತ್ತವೆ. ಬಿಸಿಲು ಬೀಳುವ ಕಡೆ ಒಂದು ಬುಟ್ಟಿ ಹಂಡೆ ಒಲೆಯ ಬೂದಿ ಸುರಿದಿಡಿ. ಹೊರಳಾಡಿ ಹೇನು ಉದುರಿಸಿಕೊಳ್ಳುತ್ತವೆ. ಹೇನು ತುಂಬಿದ ಕೋಳಿಯ ಪುಕ್ಕ ಎಷ್ಟಿದ್ದರೂ ಬೆಚ್ಚಗಿರುವುದಿಲ್ಲ.

ತಾಡಪತ್ರಿ ಯಾವಾಗ ಬಿಚ್ಚೂದು?

ಹಗಲೆಲ್ಲ ಸುತ್ತಿ ಮೇಲೆ ಕಟ್ಟಿ, ರಾತ್ರಿಯಷ್ಟೇ ಇಳಿಬಿಡಿ. ಜನವರಿಯ ಮಧ್ಯಾಹ್ನ ಮೂವತ್ತರ ಹತ್ತಿರ ಹೋಗುವ ನಮ್ಮಲ್ಲಿ ಮುಚ್ಚಿದ ತಗಡಿನ ಗೂಡು ಕಾದ ಹೆಂಚಾಗುತ್ತದೆ. ಸಂಕ್ರಮಣ ಕಳೆದು, ವಿಜಯಪುರದ ಸಿದ್ಧೇಶ್ವರ ಜಾತ್ರೆ ಮುಗಿಸಿ ಬಂದ ಮೇಲೆ ಒಂದು ಮಗ್ಗಲು ಬಿಚ್ಚಿ. ಶಿವರಾತ್ರಿಗೆ ಎರಡನೆಯದು. ಒಗೆದು ಒಣಗಿಸಿ ಮಡಿಸಿಡಿ, ಹೆಗ್ಗಣ ಮುಟ್ಟದ ಕಡೆ. ತಗಡಿನ ಮೇಲಿನ ರವದಿ ಮಾತ್ರ ತೆಗೆಯಬೇಡಿ.